ಓಡುವುದೋ, ಬಾಳಿಕೆ ಬರುವುದೋ

ನಮ್ಮ ಕಾಕಾನ ಮನೆಯ ಪಡಸಾಲೆಯಲ್ಲಿ, ಜೋಳದ ಚೀಲಗಳ ಮಗ್ಗುಲಿನ ಸ್ಟೂಲಿನ ಮೇಲೆ, ಕೆಂಪು ಬಣ್ಣದ ಒಂದು ಆಟಿಕೆ ಟ್ರಕ್ಕು ನಿಂತಿದೆ. ಆಟಿಕೆ ಎಂದೆನಲ್ಲ, ಅದನ್ನು ನೋಡಿದರೆ ನೀವು ಹಾಗೆನ್ನಲಾರಿರಿ. ಮೊಳದುದ್ದ ಇದೆ, ಎತ್ತಿದರೆ ಕೈ ಜಗ್ಗುತ್ತದೆ, ಒಂದೊಂದು ಚಕ್ರವೂ ಜೋಳದ ರೊಟ್ಟಿಯ ಹಿಟ್ಟಿನ ಮುದ್ದೆಯಷ್ಟು ದಪ್ಪಗಿದೆ. ಕೈಯಲ್ಲಿ ರಿಮೋಟು ಹಿಡಿದು ಗುಂಡಿ ಒತ್ತಿದರೆ ಹೊಲದ ಬದುವನ್ನೂ ಹತ್ತಿ ಇಳಿಯುವ ಜಾತಿಯದು. ಕಾಕಾನ ಹೆಂಡತಿ ಚಿಗವ್ವ ದಿನವೂ ಕಸ ಹೊಡೆಯುವಾಗ ಅದನ್ನೆತ್ತಿ ಸೆರಗಿನಿಂದ ಒರೆಸಿ ಮತ್ತೆ ಅಲ್ಲಿಯೇ ಇಡುತ್ತಾಳೆ. ಬಂದವರು ಮೊಮ್ಮಕ್ಕಳದೆಂದು ತಿಳಿಯುತ್ತಾರೆ. ಅದು ಎಪ್ಪತ್ತೆರಡು ವರ್ಷದ ನನ್ನ ಕಾಕಾನದು. ಕೊಂಡುತಂದವಳು ನಾನು. ಆ ಟ್ರಕ್ಕಿನ ಮುಂದೆ ಕೂತು ಕುಡಿದ ಚಹಾ ನನಗೆ ಎಂದೂ ರುಚಿಸಿಲ್ಲ, ಓದುಗ ಮಿತ್ರರೇ. ಏಕೆಂದು ಹೇಳುತ್ತೇನೆ, ನಗು ಬಂದರೆ ನಕ್ಕುಬಿಡಿ.

ನಮ್ಮ ಕಡೆ ಏನನ್ನು ಕೊಳ್ಳುವುದಕ್ಕೂ ಮೊದಲು ಕೇಳುವ ಮಾತು ಒಂದೇ: ಬಾಳಿಕಿ ಬರತೈತೇನು? ಕೊಡ ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತೇವೆ, ಸೀರೆ ಕೊಳ್ಳುವಾಗ ಅಂಚನ್ನು ಜಗ್ಗಿ ಕೇಳುತ್ತೇವೆ, ಚಪ್ಪಲಿಯನ್ನಂತೂ ಎರಡಾಗಿ ಮಡಚಿ ಅಂಗಡಿಯವನ ಮುಖವನ್ನೇ ದುರುಗುಟ್ಟಿ ನೋಡುತ್ತೇವೆ. ಚಂದವಿದೆಯೇ, ಹಿಡಿಸಿತೇ ಎಂಬುದೆಲ್ಲ ಅದರ ನಂತರ, ಅದೂ ವೇಳೆ ಉಳಿದರೆ. ಸಣ್ಣವಳಿದ್ದಾಗ ನನಗೆ ಹೊಲಿಸಿದ ಯಾವ ಲಂಗವೂ ಹೊಲಿಸಿದ ವರ್ಷ ನನ್ನ ಅಳತೆಗೆ ಇರಲಿಲ್ಲ. ಮುಂದಿನ ಎರಡು ವರ್ಷಕ್ಕೂ ಆಗಲೆಂದು ಮಡಿಕೆ ಹಾಕಿ ಹೊಲಿಸಿರುತ್ತಿದ್ದರು. ಮೈಗೆ ಸರಿಯಾಗಿ ಕೂಡುವ ಹೊತ್ತಿಗೆ ಅದರ ಬಣ್ಣ ಹೋಗಿರುತ್ತಿತ್ತು. ಬಾಳಿಕೆ ಎಂಬ ಪದದೊಳಗೆ ಬಾಳು ಇದೆ. ಕನ್ನಡದ ಸೊಗಸು ಅದು ಎಂದು ತರಗತಿಯಲ್ಲಿ ಮಕ್ಕಳಿಗೆ ನಾನೇ ಹೇಳಿದ್ದೇನೆ. ವಸ್ತು ಬಾಳಲಿ ಎಂದು ನೋಡುವವರು ಮನುಷ್ಯ ಬಾಳಿದನೇ ಎಂದು ನೋಡುವುದನ್ನು ಮರೆಯುತ್ತಾರೆ ಎಂಬುದು ಮಾತ್ರ ಆಗ ಹೊಳೆದಿರಲಿಲ್ಲ. ಹೇಳಿಕೊಡುವವರಿಗೆ ತಾವು ಕಲಿಯುವುದು ಏನೂ ಉಳಿದಿಲ್ಲ ಎನಿಸಿಬಿಡುತ್ತದೆ. ಅಣ್ಣಿಗೇರಿಯ ಸಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿ ನನಗೂ ಆ ಚಟ ಅಂಟಿದೆ. ಬೇರೆಯವರ ವಾಕ್ಯವನ್ನು ಅವರು ಮುಗಿಸುವ ಮೊದಲೇ ತಿದ್ದಿಬಿಡುತ್ತೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನವಲಗುಂದದ ಕಡೆಯ ಹಳ್ಳಿಯಲ್ಲಿ ಮಗ ಸೊಸೆಯರೊಂದಿಗೆ ಇದ್ದಾನೆ. ಹೊಲವನ್ನು ಈಗ ಮಗ ನೋಡಿಕೊಳ್ಳುತ್ತಾನೆ, ಟ್ರ್ಯಾಕ್ಟರು ಬಂದಿದೆ, ಎತ್ತುಗಳು ಹೋಗಿವೆ. ಬಿಡುವು ಬಂದ ಮೇಲೆ ಕಾಕಾ ಮೊಬೈಲು ನೋಡುವುದನ್ನು ಕಲಿತ. ಮೊದಮೊದಲು ಪ್ರವಚನ ಕೇಳುತ್ತಿದ್ದ, ಆಮೇಲೆ ಖಾಲಿ ಗಾಡಾ ಓಡಿಸುವ ಶರ್ಯತ್ತುಗಳನ್ನು ನೋಡತೊಡಗಿದ. ಹೊರೆಯಿಲ್ಲದ ಚಕ್ಕಡಿಗೆ ಎತ್ತು ಹೂಡಿ, ಒಂದು ನಿಮಿಷದಲ್ಲಿ ಯಾರು ಹೆಚ್ಚು ದೂರ ಓಡಿಸುತ್ತಾರೆಂದು ನೋಡುವ ಪಂದ್ಯ ಅದು. ಆ ಓಟಗಳ ಬೆನ್ನು ಹತ್ತಿಯೇ ಇರಬೇಕು, ಒಂದು ದಿನ ಅವನ ಮೊಬೈಲಿನಲ್ಲಿ ಯಾವುದೋ ದೂರದೇಶದ ರಿಮೋಟು ಟ್ರಕ್ಕುಗಳ ಪಂದ್ಯ ಬಂತು. ಸಪಾಟು ಮಣ್ಣಿನ ಹಾದಿಯಲ್ಲಿ ಪುಟ್ಟ ಪುಟ್ಟ ಟ್ರಕ್ಕುಗಳು ಧೂಳೆಬ್ಬಿಸಿ ತಿರುವಿನಲ್ಲಿ ಒಂದರ ಮಗ್ಗುಲಿಗೊಂದು ನುಗ್ಗುತ್ತಿದ್ದವು. ನನ್ನನ್ನು ಬಾಜು ಕೂಡಿಸಿಕೊಂಡು ಅದನ್ನೇ ಮೂರು ಸಲ ತೋರಿಸಿದ. ನಾನು ಹೊರಟು ನಿಂತಾಗ ಊರ ಬಾಗಿಲಾದ ಅಗಸಿಯ ತನಕ ಜತೆಗೆ ಬಂದು, ಎತ್ತಲೋ ನೋಡುತ್ತ ಹೇಳಿದ:

"ಗಿರಿಜವ್ವಾ, ಹುಬ್ಬಳ್ಳಿಗೆ ಹೋದಾಗ ಅಂಥಾದೊಂದು ಗಾಡಿ ಸಿಕ್ಕರ ತಗೊಂಡ ಬಾ. ಓಡೂದ ತಾರವಾ."

ನಮ್ಮ ಕಡೆ ಎತ್ತುಗಳಲ್ಲಿ ಎರಡು ಬಗೆ. ಓಡುವ ಎತ್ತು, ದುಡಿಯುವ ಎತ್ತು. ಓಡುವುದನ್ನು ನೇಗಿಲಿಗೆ ಹೂಡುವುದಿಲ್ಲ, ಅದಕ್ಕೆ ಬೇರೆ ಮೇವು, ಬೇರೆ ಮರ್ಯಾದೆ. ಕಾಕಾ 'ಓಡೂದು' ಎಂದಾಗ ಯಾವುದನ್ನು ಹೇಳುತ್ತಿದ್ದಾನೆಂಬುದು ಹುಟ್ಟಿನಿಂದ ಆ ಮಾತು ಕೇಳಿದ ನನಗೆ ತಿಳಿಯದ್ದೇನಲ್ಲ. ಓಡುವುದು ಎಂದರೆ ಕೆಡದೆ ನಡೆಯುವಂಥದ್ದು ಎಂದುಕೊಂಡೆ, ಮಾತಿನ ಅರ್ಥ ತಪ್ಪಿತು ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಅದು ಸುಳ್ಳು.

ಹುಬ್ಬಳ್ಳಿಯ ಅಂಗಡಿಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಅಂಗಡಿಯವರು ಬಿಳಿ ಗಡ್ಡದ, ಸಾವಧಾನದ ಮನುಷ್ಯ. ರಿಮೋಟು ಟ್ರಕ್ಕು ಎಂದೊಡನೆ ಅವರು ಕೇಳಿದ ಮೊದಲ ಪ್ರಶ್ನೆ ಬಹಳ ಸರಳವಾದದ್ದು.

"ಯಾರಿಗ್ರಿ ಮೇಡಂ?"

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ನನ್ನ ಹೆಗಲ ಮೇಲೆ ಸಾಲೆಗೆ ಒಯ್ಯುವ ಚೀಲ, ಮೂಗಿನ ಮೇಲೆ ಕನ್ನಡಕ. ಎಪ್ಪತ್ತು ದಾಟಿದ ಕಾಕಾನಿಗೆ ಎನ್ನಲು ನಾಲಿಗೆ ಏಳಲಿಲ್ಲ. "ಅಣ್ಣನ ಮಗನಿಗ್ರಿ" ಎಂದುಬಿಟ್ಟೆ. ನನಗೆ ಅಣ್ಣನೇ ಇಲ್ಲ.

ಅವರು ಎರಡು ಡಬ್ಬಿ ತೆರೆದು ಎರಡನ್ನೂ ಗಾಜಿನ ಕಪಾಟಿನ ಮೇಲೆ ಇಟ್ಟರು. ಒಂದು ಕೆಂಪು, ಈಗ ಕಾಕಾನ ಮನೆಯಲ್ಲಿರುವುದು: ಎತ್ತರದ ಮೈ, ಮುಳ್ಳುಮುಳ್ಳು ಟಾಯರು, ನೀರು ಹೊಕ್ಕರೂ ಕೆಡದ ಮೋಟರು. ಇನ್ನೊಂದು ನೀಲಿ. ಅದರ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಸಪೂರ ಕೈಕಾಲು, ನುಣುಪಾದ ಸಣ್ಣ ಟಾಯರು, ನಿಂತಲ್ಲಿಯೇ ಮುಂದಕ್ಕೆ ಬಾಗಿದಂಥ ಮೂಗು. ನನ್ನ ಕೈ ಮೊದಲು ಹೋದದ್ದು ನೀಲಿಯ ಕಡೆಗೇ, ಅದನ್ನೂ ಹೇಳಿಬಿಡಬೇಕು. ಅವರು ನಯವಾಗಿ ತಡೆದರು.

"ಅದು ರೇಸಿಂದರಿ. ಸಪಾಟ ನೆಲಾನ ಬೇಕು ಅದಕ್ಕ. ಹೆಂಟಿಗೆ ಬಡದರ ಮುಗೀತು, ಕೈ ಮುರೀತೈತಿ. ಬಿಟ್ಟರ ಮಾತ್ರ..." ಎಂದು ಅದರ ಮೂಗನ್ನೊಮ್ಮೆ ಸವರಿ, "ಬಿಟ್ಟರ ನೋಡಬೇಕ್ರಿ ಅದನ್ನ. ಆದ್ರ ಹುಡುಗರ ಕೈಯಾಗ ಉಳಿಯೂದಿಲ್ರಿ. ಗಟ್ಟೀದ ಒಯ್ಯರಿ" ಎಂದರು. ಅಷ್ಟಕ್ಕೇ ಬಿಡದೆ ಕೆಂಪು ಟ್ರಕ್ಕನ್ನು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟರು. ಅದು ಎರಡು ಸಲ ಪುಟಿದು ಸರಿಯಾಗಿ ನಾಲ್ಕು ಚಕ್ರದ ಮೇಲೆಯೇ ನಿಂತಿತು.

"ಎಷ್ಟ ವರ್ಷ ಬಾಳಿಕಿ ಬರತೈತ್ರಿ?" ನಾನು ಕೇಳಿದೆ.

"ನಿಮ್ಮ ಹುಡುಗ ದೊಡ್ಡಾಂವ ಆಗಿ ಅವನ ಮಗಾ ಆಡತಾನ್ರಿ ಇದರಾಗ."

ಅವರ ಸಲಹೆ ಒಂದಿನಿತೂ ತಪ್ಪಲ್ಲ. ಇಲ್ಲದ ಹುಡುಗನೊಬ್ಬನಿಗೆ ಅವರು ತಕ್ಕದ್ದನ್ನೇ ಆರಿಸಿಕೊಟ್ಟರು. ನಾನೂ ಮನಸ್ಸಿನಲ್ಲಿ ಕಾರಣಗಳನ್ನು ಜೋಡಿಸಿಕೊಂಡೆ. ನಮ್ಮದು ಎರೆ ಭೂಮಿ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ, ಮಳೆಯಾದರೆ ಚಪ್ಪಲಿಗೆ ಮೆತ್ತಿ ಹೆಜ್ಜೆ ಕೀಳಗೊಡುವುದಿಲ್ಲ. ಸಪಾಟು ನೆಲ ಎಲ್ಲಿಂದ ಬರಬೇಕು? ಎಂಟು ದಿನಕ್ಕೆ ಮುರಿದು ಮೂಲೆಗೆ ಬಿದ್ದರೆ ಕಾಕಾನಿಗೇ ಬೇಸರ. ಕಾರಣಗಳೆಲ್ಲ ಒಪ್ಪುವಂಥವೇ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜಾಣತನ ಮಾಡಿದೆ ಎಂಬ ಸಂತೋಷದಲ್ಲಿ ಅಣ್ಣಿಗೇರಿಯ ತನಕ ಬಂದೆ.

ಬೇಸಿಗೆ ರಜೆ ಬಿದ್ದ ವಾರವೇ ಹಳ್ಳಿಗೆ ಹೋದೆ. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಬಸ್ಸು ನಿಲ್ಲುವಲ್ಲಿಗೇ ಬಂದಿದ್ದ. ಡಬ್ಬಿಯನ್ನು ತಾನೇ ಇಸಿದುಕೊಂಡ, ತೆರೆಯಲಿಲ್ಲ. ಊಟ ಮಾಡಿ ಹೋಗೋಣವೆಂದರೆ ಕೇಳಲಿಲ್ಲ.

"ಮೊದಲ ಹೊಲಕ್ಕ ಹೋಗೂಣು ಬಾರವಾ. ಊಟ ಎಲ್ಲಿ ಓಡಿ ಹೋಗತೈತಿ?"

ಹೊಲದ ಮೇಲ್ಗಡೆ, ಬೇವಿನ ಮರದ ಆಚೆ, ಅವನು ಕಣ ಮಾಡಿದ್ದ.

ಕಣ ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಕೊಯ್ದ ಪೈರನ್ನು ತುಳಿಸಿ ಕಾಳು ಬೇರ್ಪಡಿಸಲು ಹೊಲದಲ್ಲಿಯೇ ಸಿದ್ಧಮಾಡುತ್ತಿದ್ದ ನೆಲ ಅದು. ಈಗ ಮಷೀನು ಬಂದು ಹೊಲದಲ್ಲೇ ಕಾಳನ್ನು ಚೀಲಕ್ಕೆ ಸುರಿದು ಹೋಗುತ್ತದೆ, ಕಣದ ಹಂಗೇ ಯಾರಿಗೂ ಇಲ್ಲ. ನಮ್ಮ ಊರಲ್ಲಿ ಕಣ ಮಾಡಿದವರನ್ನು ನಾನು ಕಂಡು ಎಷ್ಟೋ ವರ್ಷವಾಯಿತು. ಮಾಡುವುದು ಸುಲಭದ ಮಾತಲ್ಲ. ಹೆಂಟೆ ಒಡೆದು, ಬಿರುಕಿಗೆ ಮಣ್ಣು ತುಂಬಿ, ನೀರು ಹೊಡೆದು, ಹೊಟ್ಟು ಹರವಿ ತುಳಿಯಬೇಕು, ಒಣಗುವ ಮೊದಲು ಉರುಳುಗಲ್ಲು ಎಳೆಯಬೇಕು, ಆಮೇಲೆ ಸಗಣಿ ಕಲಸಿದ ನೀರಿನಿಂದ ಮತ್ತೆ ಮತ್ತೆ ಸಾರಿಸಬೇಕು. ಹದ ತಪ್ಪಿದರೆ ಎರೆಮಣ್ಣು ಮತ್ತೆ ಬಾಯಿ ಬಿಡುತ್ತದೆ. ಕಾಕಾ ಮಾಡಿದ ಕಣದಲ್ಲಿ ಒಂದೇ ಒಂದು ಗೆರೆ ಸೀಳಿರಲಿಲ್ಲ. ಕಾಳು ಹರವುವ ಕಣ ದುಂಡಗಿರುತ್ತದೆ. ಇದು ಉದ್ದವಾಗಿತ್ತು, ಎರಡೂ ತುದಿಗೆ ಬಾಗಿತ್ತು. ತಿರುವಿನಲ್ಲಿ ಬೂದಿಯಿಂದ ಗೆರೆ ಎಳೆದಿದ್ದ. ಅದರ ಮೇಲೆ ಚಪ್ಪಲಿ ಮೆಟ್ಟಿ ಕಾಲಿಡಲು ಹೋದ ನನ್ನನ್ನು ಕೈಹಿಡಿದು ನಿಲ್ಲಿಸಿದ.

ಆ ನೆಲವನ್ನು ಕಂಡೊಡನೆ ನನಗೆ ತಿಳಿಯಬೇಕಿತ್ತು. ಬೇರೆ ಯಾರಿಗಾದರೂ ತಿಳಿಯುತ್ತಿತ್ತು. ನಾನು ಮಾತ್ರ, "ಎಷ್ಟ ಚಂದ ಮಾಡೀ ಕಾಕಾ" ಎಂದು ಹೊಗಳುತ್ತ ಡಬ್ಬಿ ಬಿಚ್ಚಿದೆ.

ಕಾಕಾ ಮೊದಲು ನೋಡಿದ್ದು ಟಾಯರುಗಳನ್ನು. ಎತ್ತು ನೋಡಲು ಹೋದಾಗ ಗೊರಸನ್ನೇ ಮೊದಲು ನೋಡುತ್ತಿದ್ದವನು ಅವನು. ಬೆರಳಿನಿಂದ ಒಂದೊಂದೇ ಮುಳ್ಳನ್ನು ಮುಟ್ಟಿದ, ಟ್ರಕ್ಕನ್ನು ತಿರುವಿ ಹೊಟ್ಟೆ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ನಗುತ್ತಿದ್ದೆ.

"ಅಗದಿ ಗಟ್ಟಿ ಐತಿ," ಎಂದ.

ಕಣದ ಮೇಲಿಟ್ಟು ಗುಂಡಿ ಒತ್ತಿದ. ಟ್ರಕ್ಕು ಹೊರಟಿತು, ಅದರ ಹಿಂದೆ ಸಗಣಿಯ ಪದರು ಹಪ್ಪಳದ ಚೂರುಗಳಾಗಿ ಎದ್ದು ಬೀಳತೊಡಗಿತು. ಅರ್ಧ ಸುತ್ತು ಮುಗಿಯುವ ಮೊದಲೇ ಅವನು ನಿಲ್ಲಿಸಿದ. ಹೋಗಿ ಟ್ರಕ್ಕನ್ನು ಎತ್ತಿಕೊಂಡು ಬಂದು ಬದುವಿನ ಮೇಲೆ ಇಟ್ಟ. ಅಲ್ಲಿ ಅದು ಹೆಂಟೆಗಳ ಮೇಲೆ ಕುಣಿಯುತ್ತ, ಬೇವಿನ ಬೇರು ದಾಟಿ, ಸರಾಗವಾಗಿ ಹೋಯಿತು. "ನೋಡು, ಎಲ್ಲಿ ಬೇಕಾದಲ್ಲಿ ಹೋಗತೈತಿ" ಎಂದು ಅವನು ಮೆಚ್ಚಿದಾಗ ನನಗೆ ಹೆಮ್ಮೆಯೇ ಆಯಿತು. ನೆಲ ಹಾಳಾಗಬಾರದೆಂದು ಅವನು ಬದುವಿಗೆ ಹೋದನೆಂಬುದು ಹೊಳೆಯಲಿಲ್ಲ. ಮನೆಗೆ ತಿರುಗಿ ಬರುವಾಗ ಅಂಗಡಿಯವರು ಹೇಳಿದ ಗುಣಗಳನ್ನೆಲ್ಲ ಒಂದೂ ಬಿಡದೆ ಹೇಳಿದೆ. ಕಾಕಾ ಹೂಂ ಹೂಂ ಎನ್ನುತ್ತ ಬಂದ.

ಕಾಕಾ ಉಂಡು ಅಡ್ಡಾದ ಮೇಲೆ ರೊಟ್ಟಿ ಬಡಿಯುತ್ತಿದ್ದ ಚಿಗವ್ವನೇ ಮಾತು ತೆಗೆದಳು.

"ಹದಿನೈದ ದಿನಾ ಆತವಾ, ಸಗಣಿ ಕೂಡಸ್ಯಾರ, ನೀರ ಹೊತ್ತಾರ. ಮಗಾ ಟ್ರ್ಯಾಕ್ಟರ್ ಹಚ್ಚತೇನಿ ಅಂದ್ರ ಬ್ಯಾಡಂದ್ರು. ಓಡೂದು ಬರತೈತಿ, ಅದಕ್ಕ ನೆಲಾ ಅಗದಿ ನುಣ್ಣಗಿರಬೇಕು ಅಂತಿದ್ರು. ಆ ಎತ್ತ ಕೊಟ್ಟ ಮ್ಯಾಲೆ ಅವರ ಮೈಯಾಗ ಇಂಥಾ ಹುರುಪ ನಾ ಕಂಡಿದ್ದಿಲ್ಲ."

ರೊಟ್ಟಿಯ ತುತ್ತು ನನ್ನ ಕೈಯಲ್ಲೇ ಉಳಿಯಿತು. ಆ ಎತ್ತುಗಳ ಕತೆ ನನಗೆ ಹೊಸದಲ್ಲ. ನನ್ನ ತಂದೆ ತೀರಿದಾಗ ನನಗೆ ಆರು ವರ್ಷ. ಆಗ ಕಾಕಾನ ಹತ್ತಿರ ಒಂದು ಜೋಡಿ ಓಡುವ ಎತ್ತುಗಳಿದ್ದವು. ಅಣ್ಣನ ಹೊಲವನ್ನೂ ತಾನೇ ಉಳಬೇಕಾಗಿ ಬಂದಾಗ ಅವನ್ನು ಕೊಟ್ಟು ದುಡಿಯುವ ಜೋಡಿ ತಂದ, ಆ ದುಡಿತದಲ್ಲೇ ನಾನು ಓದಿದೆ, ಮಾಸ್ತರಿಕೆಗೆ ಸೇರಿದೆ. ಸಾಲೆಯ ಸಮಾರಂಭಗಳಲ್ಲಿ ತ್ಯಾಗದ ಮೇಲೆ ಮಾತಾಡುವಾಗ ಇದನ್ನು ಅದೆಷ್ಟು ಸಲ ಹೇಳಿದ್ದೇನೋ, ಮುಂದಿನ ಸಾಲಿನವರು ಕಣ್ಣೊರೆಸಿಕೊಂಡದ್ದನ್ನೂ ಕಂಡಿದ್ದೇನೆ. ಅಷ್ಟು ಸಲ ಹೇಳಿಯೂ, ಎತ್ತುಗಳನ್ನು ಬಿಟ್ಟುಕೊಟ್ಟ ಮನುಷ್ಯನಿಗೆ ಅವು ಬೇಕಾಗಿದ್ದವು ಎಂಬ ಒಂದು ಸಣ್ಣ ಸಂಗತಿ ನನ್ನ ತಲೆಗೆ ಹೋಗಿರಲಿಲ್ಲ. ಬಯಕೆ ಇಲ್ಲದವನು ಏನನ್ನೋ ಬಿಟ್ಟ ಹಾಗೆ ಹೇಳಿಕೊಂಡು ಬಂದಿದ್ದೆ. ಆಗ ಸಂಸಾರ ಅವನಿಂದ ಓಡುವುದನ್ನು ಕಸಿದು ದುಡಿಯುವುದನ್ನು ಕೈಗಿಟ್ಟಿತು. ಐದು ದಶಕ ಕಳೆದು ಅವನು ಬಾಯಿಬಿಟ್ಟು ಒಂದೇ ಒಂದನ್ನು ಕೇಳಿದಾಗ ನಾನೂ ಹಾಗೆಯೇ ಮಾಡಿದೆ. ಸಂಸಾರಕ್ಕಾದರೂ ನಿರ್ವಾಹವಿರಲಿಲ್ಲ. ನನಗೇನಿತ್ತು ಧಾಡಿ? ನಾಲ್ಕು ಜನರೆದುರು ನಾಚಿಕೆ, ಅಷ್ಟೇ.

ಸಂಜೆಗೇ ಹೇಳಿದೆ, "ಕಾಕಾ, ನಾಳೆ ಹೋಗಿ ಬದಲಿ ಮಾಡಿಸಿಕೊಂಡ ಬರ್ತೇನಿ. ಓಡೂದೂ ಇತ್ತು ಅಲ್ಲಿ."

ಅವನು ತಲೆಯಾಡಿಸಿದ. "ಕೆಡಲಾರದ್ದನ್ನ ಯಾಕ ಬದಲಿ ಮಾಡೂದವಾ? ಇರ್ಲಿ ಬಿಡು. ಇದು ಹಾಳಾದ ಮ್ಯಾಲೆ ನೋಡೂಣು."

ನಮ್ಮ ಮನೆಗಳ ಕಾನೂನು ಇದು, ಎಲ್ಲಿಯೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ. ಇದ್ದದ್ದು ಹಾಳಾಗುವ ತನಕ ಹೊಸದು ಬರುವಂತಿಲ್ಲ. ಚಿಗವ್ವ ಇಂದಿಗೂ ತೂತು ಬಿದ್ದ ಮೇಲೆಯೇ ಬುಟ್ಟಿ ಬದಲಿಸುತ್ತಾಳೆ. ನಾನು ಇನ್ನೊಂದು ಮಾತು ಆಡಿ ಹಟ ಹಿಡಿದಿದ್ದರೆ ಬಹುಶಃ ಅವನು ಒಪ್ಪುತ್ತಿದ್ದ. ಹಿಡಿಯಲಿಲ್ಲ. ಮುಂದಿನ ಸಲ ಸುಮ್ಮನೆ ತಂದುಕೊಟ್ಟರಾಯಿತು ಎಂದುಕೊಂಡೆ. ಪರೀಕ್ಷೆ, ಬದಲಿ ಪಾಠ, ಒಂದಿಲ್ಲೊಂದು ತರಬೇತಿ, ಮುಂದಿನ ಸಲವೆಂಬುದು ಮುಂದೆಯೇ ಉಳಿಯುತ್ತ ಹೋಯಿತು. ಮುಂಗಾರಿನ ಮೊದಲ ಮಳೆಗಳಿಗೆ ಕಣದ ಸಾರಣೆ ಕರಗಿತು. ಮಗ ಅದನ್ನೂ ಸೇರಿಸಿ ಹರಗಿ ಹೆಸರುಕಾಳು ಬಿತ್ತಿದ. ಕಾಕಾ ತಡೆಯಲಿಲ್ಲವಂತೆ. ದೀಪಾವಳಿಯ ಹೊತ್ತಿಗೆ ಅವನ ಬಲಗೈ ನಡುಗತೊಡಗಿತು. ಚಹಾದ ಕಪ್ಪು ಬಸಿಯಲ್ಲಿ ತಾಳ ಹಾಕುವಷ್ಟು. ಗುಳಿಗೆಯಿಂದ ಹೆಚ್ಚಾಗುವುದು ತಡೆದೀತು, ನಿಲ್ಲುವುದಿಲ್ಲ ಎಂದರು ಡಾಕ್ಟರು.

ಸಂಕ್ರಾಂತಿ ಕಳೆದು ಹುಬ್ಬಳ್ಳಿಗೆ ಹೋಗಿ ಅದೇ ಅಂಗಡಿಯ ಮೆಟ್ಟಿಲು ಹತ್ತಿದೆ. ನೀಲಿ ಟ್ರಕ್ಕು ಇತ್ತು. ಈ ಸಲ ನಿಜ ಹೇಳಿದೆ, ಕಾಕಾನಿಗೆ, ವಯಸ್ಸಾಗಿದೆ, ಕೈ ನಡುಗುತ್ತದೆ ಎಂದೆ. ಗಡ್ಡದ ಹಿರಿಯರು ನಗಲಿಲ್ಲ, ಅಚ್ಚರಿಯನ್ನೂ ಪಡಲಿಲ್ಲ. ಕಪಾಟು ತೆರೆದು ಅದರ ಮುಂದಿನ ಚಕ್ರಗಳನ್ನು ಬೆರಳಿನಿಂದ ಆಡಿಸಿ ತೋರಿಸಿದರು.

"ಇದರ ಸ್ಟೇರಿಂಗು ಭಾಳ ನಾಜೂಕರಿ. ಬೆರಳ ನಡುಗಿದರ ಪಲ್ಟಿ ಹೊಡೀತೈತಿ. ಅವರಿಗೆ ಇನ್ನ ಗಟ್ಟೀದ ಛಲೋರಿ," ಎಂದು ಕಪಾಟು ಮುಚ್ಚಿ, "ಹ್ವಾದ ವರ್ಷ ಬರಬೇಕಿತ್ರಿ ನೀವು" ಎಂದರು. ಹೋದ ವರ್ಷ ನಾನು ಬಂದಿದ್ದೆನೆಂದು ಅವರಿಗೆ ನೆನಪಿರಲಿಲ್ಲ. ನಾನೂ ನೆನಪಿಸಲಿಲ್ಲ. ಆದರೂ ತಂದರಾಯಿತು, ಓಡಲಿ ಬಿಡಲಿ ಕಾಕಾ ಒಮ್ಮೆ ಕೈಯಲ್ಲಿ ಹಿಡಿಯಲಿ ಎಂಬ ಆಸೆ ಮಾತ್ರ ಬಿಡಲಿಲ್ಲ. ಅದಕ್ಕೆ ಅಡ್ಡ ನಿಂತದ್ದು ಈ ಕೆಂಪು ಟ್ರಕ್ಕು. ಇದು ಹಾಳಾಗಬೇಕಲ್ಲ!

ಈಗ ನೀವು ನಗಬಹುದು. ಕಳೆದ ತಿಂಗಳು ಹಳ್ಳಿಗೆ ಹೋದಾಗ, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಈ ಕನ್ನಡ ಮಾಸ್ತರಣಿ ಟ್ರಕ್ಕನ್ನು ಒಡೆಯಲು ಹೊರಟಳು. ಹಳ್ಳದ ಸೇತುವೆಯಿಂದ ಕಲ್ಲಿನ ಮೇಲೆ ಉರುಳಿಸಿದೆ, ಮುಖದ ಬಣ್ಣ ಒಂದಿಷ್ಟು ತರಚಿತು. ದನಗಳ ನೀರಿನ ಬಾನಿಯಲ್ಲಿ ಮುಳುಗಿಸಿಟ್ಟೆ, ತೆಗೆದು ಗುಂಡಿ ಒತ್ತಿದರೆ ಮೈ ಕೊಡವಿಕೊಂಡು ಹೊರಟಿತು. ಮರುದಿನ ಮಧ್ಯಾಹ್ನ, ಮನೆಯವರೆಲ್ಲ ಹೊಲಕ್ಕೆ ಹೋಗಿದ್ದಾರೆಂದು ತಿಳಿದು, ಏಣಿ ಹತ್ತಿ ಮಾಳಿಗೆಯ ಮೇಲಿಂದ ಅಂಗಳದ ಹಾಸುಗಲ್ಲಿಗೆ ಎತ್ತಿ ಒಗೆದೆ. ಪುಟಿದು ತುಳಸಿಕಟ್ಟೆಯ ತನಕ ಹೋಗಿ ನಾಲ್ಕು ಕಾಲಿನ ಮೇಲೆ ನಿಂತಿತು. ಸಿಟ್ಟಿಗೋ ಏನೋ ನನ್ನ ಕಣ್ಣಲ್ಲಿ ನೀರು ಬಂತು. ಕೆಳಗಿಳಿದು ಮತ್ತೆ ಅದನ್ನೆತ್ತಿಕೊಂಡು ಏಣಿಗೆ ಕಾಲಿಡುವಾಗ ಹಿಂದಿನಿಂದ ಕಾಕಾನ ಧ್ವನಿ ಕೇಳಿತು.

"ಏನ ಮಾಡಾಕತ್ತೀಯವಾ?"

ಅವನು ಹೊಲಕ್ಕೆ ಹೋಗಿರಲಿಲ್ಲ, ಪಡಸಾಲೆಯ ಕಂಬಕ್ಕೆ ಒರಗಿ ಎಲ್ಲವನ್ನೂ ನೋಡಿದ್ದ. ಸುಳ್ಳು ಹೇಳುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

"ಒಡ್ಯಾಕತ್ತೇನಿ ಕಾಕಾ. ಇದು ಒಡದರ ಓಡೂದು ತರ್ತೇನಿ."

ಕಾಕಾ ಮೆಲ್ಲಗೆ ಬಂದು ಟ್ರಕ್ಕನ್ನು ನನ್ನ ಕೈಯಿಂದ ಇಸಿದುಕೊಂಡ. ನಡುಗುವ ಬೆರಳಿನಿಂದ ಒಂದು ಚಕ್ರ ತಿರುವಿದ. ಸೊಟ್ಟಾಗದೆ ತಿರುಗಿತು.

"ಒಡಿಯೂದಿಲ್ಲವಾ ಇದು. ಭಾಳ ಛಲೋ ನೋಡಿ ತಂದೀ ನೀ."

ಆ ಮಾತಿನಲ್ಲಿ ಕುಹಕವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಇರಲಿಲ್ಲ. ಆಗ ಹೇಳಿಬಿಟ್ಟೆ, ಅಂಗಡಿಯಲ್ಲಿ ನಡೆದದ್ದನ್ನೆಲ್ಲ. ನೀಲಿ ಟ್ರಕ್ಕು ನನ್ನ ಕೈಯ ಹತ್ತಿರವೇ ಇತ್ತೆಂದು, ಯಾರಿಗೆಂದು ಕೇಳಿದಾಗ ಇಲ್ಲದ ಅಣ್ಣನ ಮಗನ ಹೆಸರು ಹೇಳಿದೆನೆಂದು.

"ನಿನಗ ಅಂತ ಹೇಳಾಕ ನಾಚಿಕಿ ಬಂತು ಕಾಕಾ."

ಕಾಕಾ ಟ್ರಕ್ಕಿನ ಮುಖದ ಮೇಲಿನ ತರಚಿದ ಗುರುತನ್ನು ಹೆಬ್ಬೆರಳಿನಿಂದ ತಿಕ್ಕಿದ. ಆಮೇಲೆ, ನನಗೆ ಸಮಾಧಾನ ಹೇಳುವವನಂತೆ, ಬಲು ಮೆತ್ತಗೆ ಅಂದ:

"ನನಗೂ ನಾಚಿಕಿ ಬಂದಿತ್ತವಾ ಕೇಳಾಕ. ಅದಕ್ಕ ಒಂದ ಸಲಾ ಅಷ್ಟ ಕೇಳಿದೆ."

ಒಂದೇ ಸಲ ಕೇಳಿದ್ದ. ನನಗೆ ಸರಿಯಾಗಿಯೇ ಕೇಳಿಸಿತ್ತು.